ಹಳೆ ಜೀಪಿನ ಮುಳ್ಳು ನಿಜ ಹೇಳುತ್ತಿದೆಯೇ?

ಗೌರಿಬಿದನೂರಿನಿಂದ ಹೊರಟು ಮಂಚೇನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ದಾಟಿ ಚಿಂತಾಮಣಿ ಮುಟ್ಟುವತನಕ ಒಂದೇ ಹೆದ್ದಾರಿ. ಹಿಂದೆ ಅದರ ನಂಬರು 234 ಇತ್ತು, ಈಗ 69. ಬೆಳಗಿನ ಹೊತ್ತು ಈ ದಾರಿಯಲ್ಲಿ ನಿಂತು ನೋಡಿದರೆ ಹಳೆ ಜೀಪುಗಳ ಆಯಸ್ಸು ಇನ್ನೂ ಮುಗಿದಿಲ್ಲ ಎಂದು ಗೊತ್ತಾಗುತ್ತದೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಕಮಾಂಡರ್, ಗೂಡಿನ ಚೀಲ ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಧಾವಿಸುವ ಮೇಜರ್, ಶನಿವಾರವಾದರೆ ಬೆಂಗಳೂರಿನಿಂದ ಟೆಂಟು ಕಟ್ಟಿಕೊಂಡು ಬರುವ ಜಿಪ್ಸಿ. ಕೆಲವಕ್ಕೆ ಇನ್ನೂ ಕೋಲಾರದ ಕೆಎ 07 ಫಲಕವೇ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಈ ಗಾಡಿಗಳು ಅದಕ್ಕೂ ಹಿರಿಯವು.

ಇವುಗಳ ಡ್ಯಾಶ್‌ಬೋರ್ಡ್ ಒಮ್ಮೆ ಇಣುಕಿ. ಸ್ಪೀಡೋಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿರುತ್ತದೆ. ಟ್ಯಾಂಕು ಖಾಲಿಯಾಗಿದ್ದರೂ ಡೀಸೆಲ್ ಮೀಟರು ಅರ್ಧ ತೋರಿಸುತ್ತದೆ. ಹೀಟ್ ಮೀಟರಿನ ಗಾಜಿನೊಳಗೆ ಕೆಂಪು ಧೂಳು. ಆಂಪ್ ಮೀಟರ್ ಇದ್ದ ತೂತಿನಲ್ಲಿ ಮೊಬೈಲ್ ಚಾರ್ಜರು. ಆದರೂ ಗಾಡಿ ಓಡುತ್ತದೆ. ಡೀಸೆಲ್ ನೋಡಲು ಕಡ್ಡಿ ಇದೆ, ವೇಗಕ್ಕೆ ಕಿವಿ ಇದೆ, ಇಂಜಿನ್ ಕಾದರೆ ಮೂಗಿಗೆ ಗೊತ್ತಾಗುತ್ತದೆ. ಮೀಟರ್ ರಿಪೇರಿಗೆಂದು ಗ್ಯಾರೇಜಿಗೆ ಹೋದರೆ ಸಿಗುವ ಉತ್ತರವೂ ಅದೇ: "ಗಾಡಿ ಚೆನ್ನಾಗೈತಲ್ಲ ಸಾರ್, ಮೀಟರ್ ಯಾಕೆ?"

ಆ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಇಪ್ಪತ್ತು ವರ್ಷ ಒಂದೇ ಗಾಡಿ ಓಡಿಸಿದ ಡ್ರೈವರಿಗೆ ಇಂಜಿನ್ನಿನ ಸದ್ದೇ ಮೀಟರು. ಆದರೆ ಹಳೆ ಜೀಪುಗಳು ಈಗ ಕೈ ಬದಲಾಯಿಸುತ್ತಿವೆ. ಗಾಡಿಯನ್ನು ಕೊಂಡುಕೊಳ್ಳಬಹುದು, ಮಾರಿದವನ ಕಿವಿಯನ್ನು ಕೊಂಡುಕೊಳ್ಳಲಾಗುವುದಿಲ್ಲ. ಹೊಸ ಮಾಲೀಕ ನಂದಿಬೆಟ್ಟದ ತಿರುವಿನಲ್ಲೋ ಆವಲಬೆಟ್ಟದ ಏರಿನಲ್ಲೋ ಬಾನೆಟ್ಟಿನಿಂದ ಹಬೆ ಏಳುವುದನ್ನು ಕಂಡ ಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹೊಳೆಯುವ ಮೀಟರುಗಳ ಒಂದು ಸೆಟ್ಟು ತರುತ್ತಾನೆ. ಕಪ್ಪು ಮುಖ, ನೀಲಿ ಬೆಳಕು, ಸುತ್ತ ಕ್ರೋಮ್ ಬಳೆ. ಕೂರಿಸಿದ ದಿನ ನೋಡಲು ಚೆಂದ. ತಿಂಗಳೊಳಗೆ ಅವೂ ಹಳೆಯವುಗಳ ಹಾಗೆಯೇ ಬಾಯಿಗೆ ಬಂದದ್ದು ಹೇಳತೊಡಗುತ್ತವೆ.

ಹಾಗಾಗುವುದಕ್ಕೆ ಕಾರಣವಿದೆ. ಹಳೆ ಜೀಪಿನಲ್ಲಿ ಮೀಟರ್ ಬದಲಾಯಿಸುವುದು ಕೊನೆಯ ಕೆಲಸ. ನಾವು ಅದನ್ನು ಮೊದಲು ಮಾಡುತ್ತೇವೆ.

ಐದು ಮುಖಗಳ ಹಲಗೆ

ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಐದು ಮೀಟರುಗಳಿದ್ದವು: ವೇಗ, ಇಂಧನ, ನೀರಿನ ಬಿಸಿ, ಆಯಿಲ್ ಒತ್ತಡ, ಆಂಪ್. ತಗಡಿನ ಹಲಗೆಯ ಮಧ್ಯದಲ್ಲಿ ಅವನ್ನು ಗುಂಪಾಗಿ ಕೂರಿಸಿದ್ದರು. ಸ್ಟೀರಿಂಗ್ ಎಡಕ್ಕಿದ್ದರೂ ಬಲಕ್ಕಿದ್ದರೂ ಆ ಜಾಗ ಒಗ್ಗುತ್ತಿತ್ತು. ಅದೇ ವಂಶದ ಸಿಜೆ-3ಬಿ ಅಮೆರಿಕದಲ್ಲಿ 1968ರಲ್ಲಿ ನಿಂತಿತು. ಮಹೀಂದ್ರ ಅದರ ಮೈಕಟ್ಟನ್ನು ಇಲ್ಲಿ ಬಹುಕಾಲ ಬೆಳೆಸಿಕೊಂಡು ಬಂತು, ಮುಂದೆ ಪ್ಯೂಜೋ ಡೀಸೆಲ್ ಇಂಜಿನ್ ಹಾಕಿ ಎಂಎಂ 540 ಮಾಡಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿಯದು ಬೇರೆ ಮನೆತನ, ಸುಜುಕಿಯದು. ಅದರಲ್ಲಿ ಇಂಧನ ಮತ್ತು ಬಿಸಿಗೆ ಮುಳ್ಳುಗಳಿವೆ. ಆಯಿಲ್ಲಿಗೂ ಚಾರ್ಜಿಗೂ ಬರೀ ಕೆಂಪು ದೀಪ. ಆಯಿಲ್ ದೀಪ ಹತ್ತುವುದು ಒತ್ತಡ ಹೆಚ್ಚುಕಡಿಮೆ ಸತ್ತ ಮೇಲೆ. ಆ ಕ್ಷಣಕ್ಕೆ ಬೇರಿಂಗ್ ಬದುಕಿದ್ದರೆ ಅದು ಮಾಲೀಕನ ಪುಣ್ಯ.

ಮೀಟರು ಎಂದರೆ ಕಣ್ಣಿಗೆ ಕಾಣುವ ಮುಖ ಮಾತ್ರವಲ್ಲ. ಇಂಜಿನ್ನಿನಲ್ಲೋ ಟ್ಯಾಂಕಿನಲ್ಲೋ ಕೂತು ಅಳೆಯುವುದು ಒಂದು, ಹಲಗೆಯಲ್ಲಿ ಕೂತು ತೋರಿಸುವುದು ಇನ್ನೊಂದು. ಅಳೆಯುವುದಕ್ಕೆ ನಮ್ಮ ಎಲೆಕ್ಟ್ರಿಷಿಯನ್ನರು ಯೂನಿಟ್ ಎನ್ನುತ್ತಾರೆ, ಕೆಲವರು ಸೆಂಡರ್ ಎನ್ನುತ್ತಾರೆ. ಡೀಸೆಲ್ ಟ್ಯಾಂಕಿನ ಯೂನಿಟ್ಟಿನಲ್ಲಿ ಒಂದು ತೇಲು, ಅದಕ್ಕೆ ಒಂದು ಸರಳು, ಸರಳಿನ ತುದಿ ಉಜ್ಜಿಕೊಂಡು ಹೋಗುವ ಒಂದು ತಂತಿಸುರುಳಿ. ತೇಲು ಇಳಿದಂತೆ ವಿದ್ಯುತ್ ರೋಧ ಬದಲಾಗುತ್ತದೆ, ಮುಳ್ಳು ಅದಕ್ಕೆ ತಕ್ಕಂತೆ ಜರುಗುತ್ತದೆ. ಎಷ್ಟರಿಂದ ಎಷ್ಟಕ್ಕೆ ಬದಲಾಗುತ್ತದೆ ಎನ್ನುವುದರಲ್ಲಿ ಜಗತ್ತಿಗೆ ಒಮ್ಮತವಿಲ್ಲ. ಅಮೆರಿಕದ ಒಂದು ಪದ್ಧತಿಯಲ್ಲಿ ಖಾಲಿ ಟ್ಯಾಂಕಿಗೆ 240 ಓಮ್, ತುಂಬಿದ್ದಕ್ಕೆ 33. ಯುರೋಪಿನ ಒಂದು ಪದ್ಧತಿಯಲ್ಲಿ ಖಾಲಿಗೆ 10, ತುಂಬಿದ್ದಕ್ಕೆ 180. ಹಳೆ ಜೀಪುಗಳಲ್ಲಿ 73ರಿಂದ 10ಕ್ಕೆ ಇಳಿಯುವ ಯೂನಿಟ್ಟೂ ಸಿಗುತ್ತದೆ. ಯುರೋಪ್ ಪದ್ಧತಿಯ ಹೊಸ ಮೀಟರನ್ನು ಅಮೆರಿಕ ಪದ್ಧತಿಯ ಹಳೆ ಯೂನಿಟ್ಟಿಗೆ ಕಟ್ಟಿದರೆ ಟ್ಯಾಂಕು ತುಂಬಿದಾಗ ಮುಳ್ಳು ಖಾಲಿಯ ಹತ್ತಿರ, ಖಾಲಿಯಾದಾಗ ತುಂಬಿದ ಕಡೆ. ಮೀಟರು ಕೆಟ್ಟದ್ದೆಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮೊದಲು ಮಲ್ಟಿಮೀಟರ್ ಹಿಡಿದು ಯೂನಿಟ್ಟಿನ ಎರಡು ತುದಿಯ ಅಂಕಿ ಬರೆದುಕೊಳ್ಳಬೇಕು. ಅಥವಾ ಯೂನಿಟ್ಟನ್ನೂ ಮೀಟರನ್ನೂ ಜೋಡಿಯಾಗಿಯೇ ಕೊಳ್ಳಬೇಕು. ಕೊಯಮತ್ತೂರಿನ ಪ್ರಿಕಾಲ್‌ನಂಥ ದೇಶೀ ತಯಾರಕರ ಮಾಲು ನೋಡಲು ಸಾದಾ. ಆದರೆ ಕೆಟ್ಟರೆ ಇದೇ ದೇಶದಲ್ಲಿ ಬದಲಿ ಹುಡುಕಬಹುದು; ಹೆಸರಿಲ್ಲದ ಡಬ್ಬಿಯಲ್ಲಿ ಬರುವ ಸೆಟ್ಟಿಗೆ ಆ ಭಾಗ್ಯವಿಲ್ಲ.

ಜೋಡಿ ಸರಿಯಿದ್ದೂ ಮುಳ್ಳು ಸುಳ್ಳು ಹೇಳುತ್ತಿದ್ದರೆ ಹತ್ತರಲ್ಲಿ ಎಂಟು ಸಲ ಅರ್ಥಿಂಗ್ ಎನ್ನುವುದು ಎಲೆಕ್ಟ್ರಿಷಿಯನ್ನರ ಅನುಭವದ ಮಾತು. ಜೀಪಿನ ಕಬ್ಬಿಣದ ಮೈಯೇ ಬ್ಯಾಟರಿಯ ಒಂದು ತಂತಿ. ಮೂವತ್ತು ವರ್ಷದ ತುಕ್ಕು, ಮೇಲೆ ಎರಡು ಮೂರು ಸಲ ಬಳಿದ ಬಣ್ಣ, ಅದರ ಮೇಲೆ ಕೆಂಪು ಮಣ್ಣು. ವಿದ್ಯುತ್ ಹಿಂದಿರುಗಲು ದಾರಿಯೇ ಇರುವುದಿಲ್ಲ. ಪರೀಕ್ಷೆ ಸುಲಭ: ರಾತ್ರಿ ಗಾಡಿ ನಿಲ್ಲಿಸಿ ಹೆಡ್‌ಲೈಟ್ ಹಾಕಿ. ಡೀಸೆಲ್ ಮುಳ್ಳೂ ಹೀಟ್ ಮುಳ್ಳೂ ಒಟ್ಟಿಗೆ ಅಲುಗಿದರೆ ಟ್ಯಾಂಕಿನಲ್ಲಾಗಲಿ ಇಂಜಿನ್ನಿನಲ್ಲಾಗಲಿ ಏನೂ ಆಗಿಲ್ಲ, ಅರ್ಥಿಂಗ್ ಸಡಿಲವಾಗಿದೆ. ಬ್ಯಾಟರಿಯಿಂದ ಇಂಜಿನ್ನಿಗೆ ಒಂದು ದಪ್ಪ ಹೆಣಿಗೆ ತಂತಿ, ಇಂಜಿನ್ನಿನಿಂದ ಛಾಸಿಗೆ ಇನ್ನೊಂದು, ಅಲ್ಲಿಂದ ಡ್ಯಾಶ್‌ಬೋರ್ಡಿನ ತಗಡಿಗೆ ಅದರದೇ ಆದ ಮತ್ತೊಂದು. ಬೋಲ್ಟು ಕೂರುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಬೇಕು. ಇದಕ್ಕೆ ಆಗುವ ಖರ್ಚು ಒಂದು ಹೊಸ ಮೀಟರಿಗಿಂತ ಕಡಿಮೆ. ಫೋಟೋದಲ್ಲಿ ಕಾಣುವುದಿಲ್ಲ ಎನ್ನುವುದೊಂದೇ ಇದರ ದೋಷ.

ಎರಡು ಮುಳ್ಳುಗಳೂ ದೀಪದ ಹಂಗಿಲ್ಲದೆ ಒಟ್ಟಿಗೇ ಮೇಲೇರಿ ಕೂತಿದ್ದರೆ ಇನ್ನೊಂದು ಸಾಧ್ಯತೆ ಇದೆ. ಒಂದು ಕಾಲದ ಮೀಟರುಗಳೊಳಗೆ ಎರಡು ಲೋಹ ಬೆಸೆದ ಪಟ್ಟಿ ಬಿಸಿಯಾಗಿ ಬಾಗಿ ಮುಳ್ಳನ್ನು ನಿಧಾನವಾಗಿ ತಳ್ಳುತ್ತಿತ್ತು. ಅವಕ್ಕೆ ಬ್ಯಾಟರಿಯ ಪೂರ್ತಿ 12 ವೋಲ್ಟ್ ಕೊಡದೆ, ಒಂದೇ ಮಟ್ಟಕ್ಕೆ ತಗ್ಗಿಸಿ ಕೊಡುವ ಸ್ಟೆಬಿಲೈಜರ್ ಎಂಬ ಪುಟ್ಟ ಡಬ್ಬಿ ಇರುತ್ತದೆ. ಅದು ಕೆಟ್ಟರೆ ಟ್ಯಾಂಕು ಸದಾ ತುಂಬಿರುತ್ತದೆ, ಇಂಜಿನ್ ಸದಾ ಕುದಿಯುತ್ತಿರುತ್ತದೆ. ಆ ಡಬ್ಬಿಯನ್ನು ಮರೆತು ರೇಡಿಯೇಟರ್ ಬಿಚ್ಚಿಸಿದವರುಂಟು.

ಬೆಂಕಿಯ ಭಯ: ಆಂಪ್ ಮೀಟರ್

ಹಳೆ ಜೀಪಿನಲ್ಲಿ ಒಂದೇ ಒಂದು ಮೀಟರ್ ಬದಲಾಯಿಸಲು ದುಡ್ಡಿದೆ ಎನ್ನುವವರಿಗೆ ನನ್ನ ಉತ್ತರ: ಆಂಪ್ ಮೀಟರ್ ತೆಗೆಸಿ, ವೋಲ್ಟ್ ಮೀಟರ್ ಹಾಕಿಸಿ.

ಆಂಪ್ ಮೀಟರು ಡೈನಮೋ ಕಾಲದ್ದು. ಸೆಲ್ಫ್ ಮೋಟರಿನ ಕರೆಂಟೊಂದನ್ನು ಬಿಟ್ಟರೆ ಗಾಡಿಯ ಎಲ್ಲ ಕರೆಂಟೂ ಅದರ ಹೊಟ್ಟೆಯೊಳಗಿಂದಲೇ ಹಾದುಹೋಗಬೇಕು. ಇಪ್ಪತ್ತು ಆಂಪಿಯರ್ ಆಸುಪಾಸಿನ ಡೈನಮೋ, ಎರಡು ಮಂಕು ಹೆಡ್‌ಲೈಟು ಇದ್ದ ದಿನಗಳಲ್ಲಿ ಅದು ನಡೆಯುತ್ತಿತ್ತು. ಈಗ ಡೈನಮೋ ಜಾಗದಲ್ಲಿ ಆಲ್ಟರ್ನೇಟರ್ ಬಂದಿದೆ, ಛಾವಣಿಯ ಮೇಲೆ ಎಲ್ಇಡಿ ಸಾಲು, ಗಾಳಿ ತುಂಬುವ ಕಂಪ್ರೆಸರ್, ನಾಲ್ಕು ಸ್ಪೀಕರು. ಅಷ್ಟೂ ಹೊರೆ ತಗಡಿನ ಡ್ಯಾಶ್‌ಬೋರ್ಡಿನ ಹಿಂದಿನ ಎರಡು ಚಿಕ್ಕ ಬೋಲ್ಟುಗಳ ಮೇಲೆ. ಕಲ್ಲು ದಾರಿಯ ಕುಲುಕಾಟಕ್ಕೆ ನಟ್ಟು ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿಯಾಗುತ್ತದೆ, ತಂತಿಯ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಹಳೆ ಗಾಡಿಗಳಲ್ಲಿ ಈ ತಂತಿಗೆ ಫ್ಯೂಸ್ ಇರುವುದೂ ಅಪರೂಪ. ಬೋಲ್ಟು ತಗಡಿಗೆ ತಾಗಿದರೆ ಬ್ಯಾಟರಿ ತನ್ನಲ್ಲಿದ್ದದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ, ಡ್ರೈವರನ ಮೊಣಕಾಲಿನ ಮುಂದೆ.

ವೋಲ್ಟ್ ಮೀಟರಿಗೆ ಇಂಥ ಹೊರೆ ಇಲ್ಲ. ಕರೆಂಟಿನ ದಾರಿಯಲ್ಲಿ ಅಡ್ಡ ನಿಲ್ಲದೆ ಪಕ್ಕದಲ್ಲಿ ನಿಂತು ನೋಡುತ್ತದೆ. ತೆಳು ತಂತಿ, ಚಿಕ್ಕ ಫ್ಯೂಸ್ ಸಾಕು. ಓದುವುದೂ ಸುಲಭ. ಇಂಜಿನ್ ನಿಂತಿರುವಾಗ 12.6 ಇದ್ದರೆ ಬ್ಯಾಟರಿ ತುಂಬಿದೆ. ಓಡುವಾಗ 13.8ರಿಂದ 14.4ರ ನಡುವೆ ಇದ್ದರೆ ಚಾರ್ಜ್ ಸರಿಯಾಗಿ ಆಗುತ್ತಿದೆ. ಓಡುತ್ತಿದ್ದರೂ 12ರ ಹತ್ತಿರಕ್ಕೆ ಇಳಿಯುತ್ತಿದ್ದರೆ ಬೆಲ್ಟು ನೋಡಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿಯ ನೀರು ಕುದಿದು ಹೋಗುತ್ತದೆ. ಆಂಪ್ ಮೀಟರ್ ತೆಗೆದಾಗ ಅದರ ಎರಡು ದಪ್ಪ ತಂತಿಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಸೇರಿಸಿ ಮುಚ್ಚಬೇಕು, ಬ್ಯಾಟರಿಯ ಬಳಿ ತಕ್ಕ ಅಳತೆಯ ಫ್ಯೂಸ್ ಹಾಕಬೇಕು. ಸುಮ್ಮನೆ ತಿರುಚಿ ಟೇಪ್ ಸುತ್ತಿದರೆ ಬೆಂಕಿಯ ಜಾಗ ಬದಲಾಯಿತು, ಅಷ್ಟೇ.

ಹೊಸ ದೀಪಗಳ ಹುಮ್ಮಸ್ಸಿನಲ್ಲಿ ಆಗುವ ಇನ್ನೊಂದು ಎಡವಟ್ಟನ್ನೂ ಇಲ್ಲೇ ಹೇಳಿಬಿಡಬೇಕು. ಮೀಟರಿನೊಳಗಿನ ಹಳೆ ಬಲ್ಬುಗಳನ್ನೆಲ್ಲ ತೆಗೆದು ಎಲ್ಇಡಿ ಹಾಕಿಸುತ್ತಾರೆ. ಬೆಳಕು ಚೆನ್ನಾಗಿ ಬರುತ್ತದೆ, ಆದರೆ ಗಾಡಿ ಚಾರ್ಜ್ ಆಗುವುದು ನಿಲ್ಲುತ್ತದೆ. ಅನೇಕ ಆಲ್ಟರ್ನೇಟರುಗಳು ಕೆಲಸ ಶುರು ಮಾಡಲು ಬೇಕಾದ ಮೊದಲ ಚಿಟಿಕೆ ಕರೆಂಟು ಸಿಗುವುದು ಚಾರ್ಜಿನ ಕೆಂಪು ಬಲ್ಬಿನ ಮೂಲಕವೇ. ಎಲ್ಇಡಿ ಅಷ್ಟು ಕರೆಂಟನ್ನು ಹಾದುಹೋಗಲು ಬಿಡುವುದಿಲ್ಲ. ಆ ಒಂದು ಬಲ್ಬನ್ನು ಮಾತ್ರ ಹಳೆಯದನ್ನೇ ಉಳಿಸಿ.

ನಂದಿಯ ಏರು, ಹುಳುಮನೆಯ ಪಾಠ

ಬಿಸಿಯ ಮೀಟರಿನದು ಸ್ವಲ್ಪ ಉದ್ದದ ಕಥೆ, ನಮ್ಮ ಸೀಮೆಯಲ್ಲಿ ಕಾಡುವುದೂ ಅದೇ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ತೆರೆದ ಪಾತ್ರೆಯಲ್ಲಿ ಅಲ್ಲಿ ನೀರು ಕುದಿಯುವುದು 95 ಡಿಗ್ರಿಯ ಸುಮಾರಿಗೆ. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದಿಡುವುದರಿಂದ ಒಳಗಿನ ನೀರು ಅದಕ್ಕಿಂತ ಹೆಚ್ಚು ಬಿಸಿ ತಾಳುತ್ತದೆ. ಹಳೆ ಮಾದರಿಯ 7 ಪೌಂಡಿನ ಮುಚ್ಚಳವಿದ್ದರೆ ಬೆಟ್ಟದ ಮೇಲೆ 107 ಡಿಗ್ರಿಯ ಹತ್ತಿರ ಕುದಿ ಬರುತ್ತದೆ. ಈಚಿನ 13 ಪೌಂಡಿನದಾದರೆ 116ರ ಆಸುಪಾಸು. ಕೂಲೆಂಟ್ ಬೆರೆಸಿದರೆ ಇನ್ನೂ ಕೆಲವು ಡಿಗ್ರಿ ಮೇಲೆ. ಹಾಗಾದರೆ ಮೀಟರು 105 ತೋರಿಸಿದರೆ ಹೆದರಬೇಕೇ? ಒಂದು ಜೀಪಿನಲ್ಲಿ ಹೌದು, ಇನ್ನೊಂದರಲ್ಲಿ ಇನ್ನೂ ಸಮಯವಿದೆ. ಅಂಕಿ ತಾನೇ ಏನನ್ನೂ ಹೇಳುವುದಿಲ್ಲ. ನಿಮ್ಮ ಮುಚ್ಚಳ ಯಾವುದು, ನಿಮ್ಮ ಗಾಡಿಯ ಮುಳ್ಳು ದಿನವೂ ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಅದು ಮಾತಾಡುತ್ತದೆ.

ಆ ದಿನನಿತ್ಯದ ನೆಲೆಯನ್ನೇ ಕೆಡಿಸುವ ಒಂದು ಅಭ್ಯಾಸ ನಮ್ಮಲ್ಲಿದೆ. ಇಂಜಿನ್ ಕಾಯುತ್ತದೆ ಎಂದೊಡನೆ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಡುವುದು. 80ರಿಂದ 88 ಡಿಗ್ರಿಯ ನಡುವೆ ಎಲ್ಲೋ ತೆರೆದುಕೊಂಡು ಇಂಜಿನ್ನನ್ನು ಒಂದು ಹದದಲ್ಲಿಡುವುದು ಅದರ ಕೆಲಸ. ಕಿತ್ತ ಮೇಲೆ ಚಳಿಗಾಲದ ಬೆಳಿಗ್ಗೆ ಹೆದ್ದಾರಿಯಲ್ಲಿ ಮುಳ್ಳು ಏಳುವುದೇ ಇಲ್ಲ, ಡೀಸೆಲ್ ಸರಿಯಾಗಿ ಉರಿಯುವುದಿಲ್ಲ. ಬೆಟ್ಟ ಹತ್ತುವಾಗ ಮಾತ್ರ ಏಕಾಏಕಿ ಏರುತ್ತದೆ. ಹೊಸ ಮೀಟರ್ ಹಾಕಿಸುವ ಮೊದಲು ಹೊಸ ವಾಲ್ವು ಹಾಕಿಸಿ. ವಾಲ್ವು ಸರಿಯಿದ್ದರೆ ಮುಳ್ಳು ನಿಲ್ಲುವ ಜಾಗವೇ ಮೀಟರು ಸರಿಯಿದೆಯೇ ಎಂಬುದಕ್ಕೆ ಸಾಕ್ಷಿ.

ಬಿಸಿ ಅಳೆಯುವ ಮೀಟರುಗಳು ಎರಡು ಬಗೆ. ಹಳೆಯದರಲ್ಲಿ ಬೇಗ ಆವಿಯಾಗುವ ದ್ರವ ತುಂಬಿದ ಲೋಹದ ಮೊಗ್ಗೊಂದು ಇಂಜಿನ್ ನೀರಿನಲ್ಲಿ ಕೂರುತ್ತದೆ, ಕೂದಲೆಳೆಯಂಥ ಕೊಳವೆಯಲ್ಲಿ ಆ ಆವಿಯ ಒತ್ತಡ ಮುಳ್ಳಿನತನಕ ಬರುತ್ತದೆ. ಕರೆಂಟೇ ಬೇಡ. ಆದರೆ ಕೊಳವೆ ಒಮ್ಮೆ ಮುರಿದರೆ ಮುಗಿಯಿತು. ಹೊಸ ಬಗೆಯಲ್ಲಿ ಬಿಸಿಯಾದಂತೆ ರೋಧ ಕಡಿಮೆಯಾಗುವ ಮಣಿ ಇರುತ್ತದೆ. ಅದನ್ನು ಕೂರಿಸುವಾಗ ಪ್ಲಂಬರುಗಳು ಬಳಸುವ ಬಿಳಿ ಟೇಪನ್ನು ಧಾರಾಳವಾಗಿ ಸುತ್ತಿದರೆ ಯೂನಿಟ್ಟಿಗೆ ಅರ್ಥಿಂಗ್ ತಪ್ಪಿ ಮುಳ್ಳು ತಣ್ಣಗೆ ಕೂರುತ್ತದೆ. ಯೂನಿಟ್ಟನ್ನು ಗಾಡಿಗೆ ಹಾಕುವ ಮುಂಚೆ ಕುದಿಯುವ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸುವುದು ಒಳ್ಳೆಯದು. ಆಗ ನೆನಪಿಡಬೇಕಾದ್ದು: ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳೇ ಹತ್ತಿರಹತ್ತಿರ 900 ಮೀಟರ್ ಎತ್ತರದಲ್ಲಿವೆ, ಇಲ್ಲಿ ನೀರು ಕುದಿಯುವುದು 97 ಡಿಗ್ರಿಗೆ. ಮುಳ್ಳು 100 ಮುಟ್ಟಲಿಲ್ಲವೆಂದು ಮೀಟರನ್ನು ದೂರಬೇಡಿ.

ಈ ಮೀಟರಿನ ದೊಡ್ಡ ಮೋಸ ಬೇರೆ ಇದೆ. ಅದನ್ನು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಹುಳುಮನೆಯ ಗೋಡೆಯಲ್ಲಿ ಜೋಡಿ ಥರ್ಮಾಮೀಟರ್ ತೂಗುಹಾಕಿರುತ್ತಾರೆ, ಒಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿರುತ್ತದೆ. ಎರಡರ ವ್ಯತ್ಯಾಸ ನೋಡಿ ಮನೆಯೊಳಗಿನ ತೇವ ಎಷ್ಟೆಂದು ತಿಳಿಯುವುದು. ಬತ್ತಿ ಒಣಗಿದರೆ ಎರಡೂ ಒಂದೇ ಅಂಕಿ ತೋರಿಸುತ್ತವೆ. ಪಟ್ಟಿ ನೋಡಿದರೆ ತೇವ ನೂರಕ್ಕೆ ನೂರು, ನಿಜದಲ್ಲಿ ಮನೆ ಒಣಗುತ್ತಿರುತ್ತದೆ. ತಿಳಿದ ಬೆಳೆಗಾರ ಅಂಕಿ ನೋಡುವ ಮೊದಲು ಬತ್ತಿ ಮುಟ್ಟಿ ನೋಡುತ್ತಾನೆ. ಜೀಪಿನದೂ ಇದೇ. ಹೋಸ್ ಒಡೆದು ನೀರೆಲ್ಲ ಸುರಿದುಹೋದರೆ ಯೂನಿಟ್ಟು ಒಣಗಿದ ಜಾಗದಲ್ಲಿ ಗಾಳಿಯನ್ನು ಅಳೆಯುತ್ತದೆ. ಇಂಜಿನ್ ಕೆಂಡವಾಗುತ್ತಿರುವಾಗ ಮುಳ್ಳು ನಿಧಾನಕ್ಕೆ ತಣ್ಣನೆಯ ಕಡೆಗೆ ಇಳಿಯುತ್ತದೆ. ಏರಿನ ಮಧ್ಯದಲ್ಲಿ ಕಾರಣವಿಲ್ಲದೆ ಮುಳ್ಳು ಇಳಿದರೆ ಸಮಾಧಾನಪಡದೆ ಗಾಡಿ ನಿಲ್ಲಿಸಬೇಕು. ಸಿಲಿಂಡರ್ ಹೆಡ್ಡಿನ ಬೋಲ್ಟಿನ ಕೆಳಗೆ ಸಿಕ್ಕಿಸಿ ನೀರಿನ ಬದಲು ಲೋಹದ ಬಿಸಿಯನ್ನೇ ಅಳೆದು ಶಿಳ್ಳೆ ಹೊಡೆಯುವ ಚಿಕ್ಕ ಅಲಾರಂಗಳು ಸಿಗುತ್ತವೆ. ಚೆಂದದ ಮೀಟರುಗಳ ಸೆಟ್ಟಿಗಿಂತ ಇದಕ್ಕೆ ದುಡ್ಡು ಹಾಕುವುದು ಜಾಣತನ ಎಂದು ನನ್ನ ಎಣಿಕೆ.

ಒಂದಕ್ಕೊಂದು ಸಾಕ್ಷಿ

ಆಯಿಲ್ ಒತ್ತಡದ ಮೀಟರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಯಾಂತ್ರಿಕ ಬಗೆಯಲ್ಲಿ ಇಂಜಿನ್ನಿನಿಂದ ಬಿಸಿ ಆಯಿಲ್ಲೇ ಸಣ್ಣ ಕೊಳವೆಯಲ್ಲಿ ಡ್ಯಾಶ್‌ಬೋರ್ಡಿಗೆ ಬರುತ್ತದೆ, ಬಾಗಿದ ಹಿತ್ತಾಳೆ ನಳಿಕೆಯೊಂದು ಒತ್ತಡಕ್ಕೆ ನೆಟ್ಟಗಾಗುತ್ತ ಮುಳ್ಳನ್ನು ಎಳೆಯುತ್ತದೆ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೋರ್ಡನ್ ಪೇಟೆಂಟ್ ಪಡೆದ ಉಪಾಯವಿದು, ಇನ್ನೂ ಹಳಸಿಲ್ಲ. ಪ್ಲಾಸ್ಟಿಕ್ ಕೊಳವೆ ಹಾಕಿ ಅದು ಒಡೆದರೆ ಸುಡುವ ಆಯಿಲ್ ಕಾಲ ಮೇಲೆ. ತಾಮ್ರದ್ದೇ ಹಾಕಿಸಿ, ಇಲ್ಲವೇ ವಿದ್ಯುತ್ ಬಗೆಗೆ ಹೋಗಿ. ಜಿಪ್ಸಿಯವರು ಹಳೆ ದೀಪದ ಸ್ವಿಚ್ಚನ್ನು ಕಿತ್ತುಹಾಕದೆ 'ಟೀ' ಕೊಂಡಿ ಹಾಕಿ ದೀಪ, ಮುಳ್ಳು ಎರಡನ್ನೂ ಉಳಿಸಿಕೊಳ್ಳಬೇಕು. ಓಡುವಾಗ ಪ್ರತಿ ಸಾವಿರ ಸುತ್ತಿಗೆ 10 ಪೌಂಡ್ ಒತ್ತಡವಿದ್ದರೆ ಸಾಕು ಎನ್ನುವುದು ಮೆಕ್ಯಾನಿಕ್‌ಗಳ ಹಳೆ ಅಂದಾಜು.

ಗೌರಿಬಿದನೂರಿನ ಹೊರವಲಯದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳು 1965ರಿಂದ ನೆಲಕ್ಕೆ ಕಿವಿಗೊಟ್ಟು ಕೂತಿವೆ. ದೂರದ ದೇಶಗಳ ಭೂಕಂಪಗಳನ್ನೂ ನೆಲದಡಿಯ ಪರಮಾಣು ಸ್ಫೋಟಗಳನ್ನೂ ಹಿಡಿಯಲೆಂದು ಇಟ್ಟವು. ಒಂದೇ ಮಾಪಕವನ್ನು ಅಲ್ಲಿ ನಂಬುವುದಿಲ್ಲ. ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ ಮೈಲಿಗಟ್ಟಲೆ ಉದ್ದಕ್ಕೆ ಹಲವನ್ನು ನೆಟ್ಟಿದ್ದಾರೆ. ಹತ್ತಿರದಲ್ಲಿ ಲಾರಿ ಹೋದರೆ ಅಲ್ಲಿನ ಒಂದೆರಡು ಮಾತ್ರ ನಡುಗುತ್ತವೆ. ದೂರದಿಂದ ಬಂದ ಅಲೆಯಾದರೆ ಒಂದಾದ ಮೇಲೊಂದು ಸರದಿಯಲ್ಲಿ ಎಲ್ಲವೂ. ಡ್ಯಾಶ್‌ಬೋರ್ಡನ್ನು ಓದುವ ಕ್ರಮವೂ ಇದೇ ಆಗಬೇಕು. ಬಿಸಿಯ ಮುಳ್ಳೊಂದೇ ಏರಿ ಆಯಿಲ್ ಮುಳ್ಳು ಕದಲದಿದ್ದರೆ ಮೊದಲು ತಂತಿಯ ಮೇಲೆ ಅನುಮಾನವಿರಲಿ. ಬಿಸಿ ಏರುತ್ತಿದ್ದಂತೆ ಆಯಿಲ್ ಒತ್ತಡವೂ ಮೆಲ್ಲಗೆ ಇಳಿಯುತ್ತಿದ್ದರೆ ಆಯಿಲ್ ನಿಜವಾಗಿಯೂ ಕಾದು ತೆಳುವಾಗುತ್ತಿದೆ. ಬಿಸಿ ಏರುವುದೂ ವೋಲ್ಟ್ ಇಳಿಯುವುದೂ ಒಟ್ಟಿಗೇ ಆದರೆ ಫ್ಯಾನ್ ಬೆಲ್ಟು ಹೋಗಿದೆ, ಏಕೆಂದರೆ ನೀರಿನ ಪಂಪನ್ನೂ ಆಲ್ಟರ್ನೇಟರನ್ನೂ ತಿರುಗಿಸುವುದು ಅದೊಂದೇ ಬೆಲ್ಟು. ಮೂರು ಮೀಟರುಗಳು ಸರಿಯಿದ್ದರೆ ಬಾನೆಟ್ ತೆರೆಯದೆಯೇ ಇಷ್ಟು ತಿಳಿಯಬಹುದು.

ವೇಗದ ಮೀಟರು ಕೆಡುವುದಕ್ಕಿಂತ ಅದನ್ನು ನಾವೇ ಕೆಡಿಸುವುದು ಹೆಚ್ಚು. ಕೇಬಲ್ ತಿರುಗಿಸುವ ಅಯಸ್ಕಾಂತ, ಅದರ ಸುತ್ತ ಅಲ್ಯುಮಿನಿಯಂ ಬಟ್ಟಲು, ಹಿಡಿದೆಳೆಯುವ ಸ್ಪ್ರಿಂಗು: 1902ರಲ್ಲಿ ಜರ್ಮನಿಯ ಓಟ್ಟೋ ಶುಲ್ಟ್ಸೆ ಪೇಟೆಂಟ್ ಮಾಡಿಸಿದ ಈ ಏರ್ಪಾಡು ಗಟ್ಟಿಮುಟ್ಟಾದದ್ದು. ಮುಳ್ಳು ನಡುಗುತ್ತಿದ್ದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಬಿಗಿಯಾಗಿ ಬಾಗಿದೆ, ಅಷ್ಟೇ. ಆದರೆ ಜಿಪ್ಸಿಯ 205/70 ಅಳತೆಯ 15 ಇಂಚಿನ ಟೈರು ತೆಗೆದು ಗತ್ತಿಗಾಗಿ 235/75 ಹಾಕಿದಿರಿ ಎನ್ನಿ. ಚಕ್ರದ ವ್ಯಾಸ 668 ಮಿಲಿಮೀಟರಿನಿಂದ 733ಕ್ಕೆ ಏರುತ್ತದೆ, ಅಂದರೆ ನೂರಕ್ಕೆ ಸುಮಾರು ಹತ್ತು. ಮೀಟರು 60 ಎನ್ನುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಕಿಲೋಮೀಟರ್ ಲೆಕ್ಕವೂ ಅಷ್ಟೇ ಕಡಿಮೆ ಬೀಳುವುದರಿಂದ ದೊಡ್ಡ ಟೈರು ಹಾಕಿದ ಮೇಲೆ ಮೈಲೇಜ್ ಬಿದ್ದುಹೋಯಿತು ಎಂಬ ಗೋಳಿನಲ್ಲಿ ಒಂದು ಪಾಲು ಬರೀ ಲೆಕ್ಕದ ತಪ್ಪು. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ಹಿಡಿದು ಹತ್ತು ಕಿಲೋಮೀಟರ್ ಓಡಿಸಿ ನೋಡಿದರೆ ವ್ಯತ್ಯಾಸ ಕೈಗೆ ಸಿಗುತ್ತದೆ. ಕೇಬಲ್ಲಿನ ಮಧ್ಯೆ ಕೂರಿಸುವ ಪುಟ್ಟ ಗೇರ್ ಡಬ್ಬಿಯಿಂದ ಅದನ್ನು ಸರಿಪಡಿಸಬಹುದು.

ಉಪಗ್ರಹ ನೋಡಿ ವೇಗ ಹೇಳುವ ಜಿಪಿಎಸ್ ಮೀಟರುಗಳಿಗೆ ಟೈರಿನ ಹಂಗಿಲ್ಲ. ನಮ್ಮ ಬಯಲಿನಲ್ಲಿ ಆಕಾಶಕ್ಕೇನೂ ಕೊರತೆಯಿಲ್ಲವಾದ್ದರಿಂದ ಅವು ಚೆನ್ನಾಗಿಯೇ ನಡೆಯುತ್ತವೆ. ಪೂರ್ತಿ ಡಿಜಿಟಲ್ ಹಲಗೆಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಮೇಲ್ಛಾವಣಿ ತೆಗೆದ ಜೀಪಿನಲ್ಲಿ ಚಿಂತಾಮಣಿಯ ಏಪ್ರಿಲ್ ಬಿಸಿಲಿಗೆ ಪರದೆ ಕಾಣುವುದಿಲ್ಲ, ಕುಲುಕುವಾಗ ಅಂಕಿ ಓದಲು ಕಣ್ಣು ಒಂದು ಕ್ಷಣ ದಾರಿ ಬಿಡಬೇಕು. ಮುಳ್ಳನ್ನು ಓದಬೇಕಿಲ್ಲ, ಅದು ಎಂದಿನ ಜಾಗದಲ್ಲಿ ಇದೆಯೋ ಇಲ್ಲವೋ ಎಂಬುದು ಕಣ್ಣಂಚಿಗೇ ಗೊತ್ತಾಗುತ್ತದೆ. ರೇಸಿನವರು ಮೀಟರುಗಳನ್ನೇ ತಿರುಗಿಸಿ ಕೂರಿಸುತ್ತಾರೆ, ಎಲ್ಲ ಸರಿಯಿದ್ದಾಗ ಎಲ್ಲ ಮುಳ್ಳುಗಳೂ ನೆಟ್ಟಗೆ ಮೇಲಕ್ಕೆ ನಿಲ್ಲುವಂತೆ. 52 ಮಿಲಿಮೀಟರಿನ ದುಂಡು ಮೀಟರುಗಳಲ್ಲಿ ಇದನ್ನು ನಮ್ಮ ಜೀಪಿನಲ್ಲೂ ಮಾಡಬಹುದು, ಒಂದು ಪೈಸೆ ಖರ್ಚಿಲ್ಲ. ಗಾಡಿ ಎಷ್ಟು ವಾಲಿದೆ ಎಂದು ತೋರಿಸುವ ಮೀಟರನ್ನೂ ಈಚೆಗೆ ಬಹಳ ಮಂದಿ ಹಾಕಿಸುತ್ತಾರೆ. ವಾಲಿದ್ದು ಡ್ರೈವರಿಗೆ ಗೊತ್ತಾಗದಿದ್ದರೆ ಮೀಟರಿನಿಂದ ಪ್ರಯೋಜನವಿಲ್ಲ, ಗೊತ್ತಾದರೆ ಮೀಟರು ಬೇಕಿಲ್ಲ. ಇಂಜಿನ್ ಸುತ್ತು ತೋರಿಸುವ ಮೀಟರ್ ಬೇಕೆನ್ನುವ ಡೀಸೆಲ್ ಜೀಪಿನವರು ಆಲ್ಟರ್ನೇಟರಿನಲ್ಲಿ 'ಡಬ್ಲ್ಯೂ' ಗುರುತಿನ ತುದಿ ಇದೆಯೇ ನೋಡಿ ಕೊಳ್ಳಬೇಕು. ಪೆಟ್ರೋಲ್ ಗಾಡಿಯ ಹಾಗೆ ಇಗ್ನಿಷನ್ ಕಾಯಿಲಿನಿಂದ ಸಂಕೇತ ತೆಗೆಯಲು ಡೀಸೆಲ್ಲಿನಲ್ಲಿ ಕಾಯಿಲೇ ಇಲ್ಲ.

ತಂತಿ ಎಳೆಯುವುದು ಬೇಸರದ ಕೆಲಸ, ಹಾಗಾಗಿಯೇ ಅಲ್ಲಿ ಅವಸರವಾಗುತ್ತದೆ. ಇಂಜಿನ್ ಕಡೆಯಿಂದ ತಗಡು ದಾಟುವಲ್ಲಿ ರಬ್ಬರ್ ಬಳೆ, ಮೀಟರುಗಳಿಗೆ ಪ್ರತ್ಯೇಕ ಫ್ಯೂಸ್, ತುದಿಗಳಿಗೆ ಒತ್ತಿ ಕೂರಿಸಿದ ಟರ್ಮಿನಲ್ಲು, ಯಾವ ಬಣ್ಣದ ತಂತಿ ಎಲ್ಲಿಗೆ ಎಂದು ಬರೆದ ಒಂದು ಹಾಳೆ ಗ್ಲೋವ್ ಬಾಕ್ಸಿನಲ್ಲಿ. ಕಡಲೆಕಾಯಿ ಮೂಟೆ ಇಟ್ಟ ಶೆಡ್ಡಿನಲ್ಲೇ ಜೀಪು ನಿಲ್ಲಿಸುವವರು ಮಳೆಗಾಲ ಕಳೆದ ಮೇಲೆ ಇಲಿ ಕಡಿದಿದೆಯೇ ಎಂದು ನೋಡಿಕೊಳ್ಳಬೇಕು. ಆ ಹಾಳೆ ಆಗ ಬೇಕಾಗುತ್ತದೆ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದು ನವೀಕರಣಕ್ಕೆ ಹೋಗುವಾಗ ಸ್ಪೀಡೋಮೀಟರ್ ಕೆಲಸ ಮಾಡುತ್ತಿರಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅದನ್ನು ಕಡ್ಡಾಯ ಮಾಡಿವೆ. ಉಳಿದ ಮೀಟರುಗಳನ್ನು ಬದಲಾಯಿಸಲು ಯಾರನ್ನೂ ಕೇಳಬೇಕಿಲ್ಲ. ಸ್ಪೀಡೋಮೀಟರನ್ನೇ ಬದಲಾಯಿಸುವುದಾದರೆ ಹಳೆಯದು ನಿಂತ ಕಿಲೋಮೀಟರ್ ಅಂಕಿಯ ಫೋಟೋ ತೆಗೆದು, ತಾರೀಖಿನ ಜೊತೆ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ, ಮಾರುವ ದಿನ ಕೊಳ್ಳುವವರಿಗೆ ತೋರಿಸಬೇಕಾಗುತ್ತದೆ. ಬಿಚ್ಚಿದ ಹಳೆ ಮೀಟರುಗಳನ್ನು ಗುಜರಿಗೆ ಹಾಕಬೇಡಿ. ಗಾಜು, ಬಳೆ, ಮುಳ್ಳು ನೆಟ್ಟಗಿರುವ ಹಳೆ ಜೀಪಿನ ಆಂಪ್ ಮೀಟರಿಗಾಗಿ ಬೆಂಗಳೂರಿನಲ್ಲಿ ಹುಡುಕಾಡುವವರಿದ್ದಾರೆ. ಗಾಡಿಯನ್ನು ಕಾರ್ಖಾನೆಯಿಂದ ಬಂದ ದಿನದಂತೆಯೇ ಮಾಡಬೇಕೆಂದು ಹೊರಟವರು. ಅವರ ಗಾಡಿಗಳು ಬೆಟ್ಟ ಹತ್ತುವುದಿಲ್ಲ, ಭಾನುವಾರದ ಪ್ರದರ್ಶನಕ್ಕೆ ಹೋಗಿ ಬರುತ್ತವೆ. ತಂತಿ ಕಟ್ಟದ ಆಂಪ್ ಮೀಟರ್ ಅಂಥಲ್ಲಿ ಯಾರಿಗೂ ತೊಂದರೆ ಕೊಡುವುದಿಲ್ಲ.